ನೀರು ಇಳಿದ ಮೇಲಿನ ಹದಿನಾಲ್ಕು ದಿನ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಓದುವ ಉಪಸಮಿತಿಯಲ್ಲಿ ನಾನೂ ಒಬ್ಬಳು. ಊರು ಕಾಸರಗೋಡಿನ ಕಡೆ. ಎರ್ನಾಕುಳಂನಲ್ಲಿ 31 ವರ್ಷ ನರ್ಸ್ ಆಗಿ ದುಡಿದು ನಿವೃತ್ತಳಾಗಿದ್ದೇನೆ. ನಿಧಿಗೆ ಸಹಾಯ ಕೇಳುವ ಸಂಚಿಕೆಯಲ್ಲಿ ಒಂದು ಆರೋಗ್ಯ ಪಾಠವೂ ಇರಬೇಕೆಂದು ನಮ್ಮ ಕಾರ್ಯದರ್ಶಿಗಳು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ. ಹಣ ಕೇಳುವವರು ಹಣ ಖರ್ಚಾಗದಂತೆ ನೋಡಿಕೊಳ್ಳುವ ದಾರಿಯನ್ನೂ ಹೇಳಬೇಕು ಎಂಬುದು ಅವರ ಲೆಕ್ಕ. ಈ ಸಲದ ಪಾಠ, ಬಿರುಗಾಳಿಯೋ ನೆರೆಯೋ ಕಡಲ ನೀರೋ ಮನೆಗೆ ನುಗ್ಗಿ ಇಳಿದ ಮೇಲೆ ಮನೆಗೆ ಮರಳುವುದು ಹೇಗೆ ಎಂಬುದು.

ಇದನ್ನೇ ಆರಿಸಿಕೊಳ್ಳಲು ಒಂದು ಅರ್ಜಿ ಕಾರಣ. ತಿರುವನಂತಪುರದಲ್ಲಿ ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆ ಮಾಡುವ ನಮ್ಮವರೊಬ್ಬರು, ಕುಂದಾಪುರ ಕಡೆಯವರು, ತೋಡಿನ ಪಕ್ಕದ ಬಾಡಿಗೆ ಮನೆಯಲ್ಲಿದ್ದರು. ರಾತ್ರಿ ಮಳೆಗೆ ತೋಡು ಉಕ್ಕಿ ಮೊಣಕಾಲಿನವರೆಗೆ ನೀರು ಬಂತು. ಎರಡು ದಿನ ಹೋಟೆಲಿನ ಮಹಡಿಯಲ್ಲಿ ಮಲಗಿ, ಮೂರನೆಯ ದಿನ ಮನೆಗೆ ಹೋಗಿ ಬರಿಗಾಲಲ್ಲಿ ಕೆಸರು ಬಳಿದು ಹಾಕಿದರು. ಹಿಮ್ಮಡಿ ಒಡೆದಿತ್ತು, ಅಷ್ಟೇ. ಒಂಬತ್ತನೆಯ ದಿನ ಜ್ವರ ಬಂತು. ನೆನೆದದ್ದಕ್ಕೆ ಬಂದ ಜ್ವರ ಎಂದುಕೊಂಡು ಅಂಗಡಿಯಿಂದ ಮಾತ್ರೆ ತಂದು ನುಂಗಿ ಒಲೆಯ ಮುಂದೆ ನಿಂತರು. ಜ್ವರದ ನಾಲ್ಕನೆಯ ದಿನ ಕಣ್ಣು ಕೆಂಪಾಗಿ ಮೂತ್ರ ಕಡಿಮೆಯಾಯಿತು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಮೂತ್ರಪಿಂಡ ಸೋತಿತ್ತು. ಕೆಲವು ಬಾರಿ ಡಯಾಲಿಸಿಸ್ ಆಯಿತು. ದೇವರ ದಯೆ, ಬದುಕಿದ್ದಾರೆ. ಎರಡು ತಿಂಗಳ ಸಂಬಳ ಹೋಯಿತು, ಊರಲ್ಲಿ ಅಡವಿಟ್ಟ ಚಿನ್ನ ಇನ್ನೂ ಬಿಡಿಸಿಕೊಂಡಿಲ್ಲ. ನೆರೆಯ ನೀರಿನಲ್ಲಿದ್ದಾಗ ಅವರಿಗೆ ಏನೂ ಆಗಲಿಲ್ಲ ಎಂಬುದನ್ನು ಗಮನಿಸಿ. ಆದದ್ದೆಲ್ಲ ನೀರು ಇಳಿದ ಮೇಲೆ.

ಕೇರಳಕ್ಕೆ ಚಂಡಮಾರುತ ಬರುವುದಿಲ್ಲ, ಅದು ಒಡಿಶಾ, ಆಂಧ್ರದ ಪಾಡು ಎಂದು ನಾವೆಲ್ಲ ನಂಬಿಕೊಂಡಿದ್ದ ಕಾಲವಿತ್ತು. 2017ರ ನವೆಂಬರ್ ಕೊನೆಯಲ್ಲಿ ಓಖಿ ಬಂದು ಆ ನಂಬಿಕೆಯನ್ನು ಅಳಿಸಿತು. ಬಾಂಗ್ಲಾದೇಶ ಕೊಟ್ಟ ಹೆಸರು ಅದು. ಬಂಗಾಳಿಯಲ್ಲಿ ಕಣ್ಣು ಎಂದರ್ಥ. ಕನ್ಯಾಕುಮಾರಿಯ ಹತ್ತಿರ ಬಲಗೊಂಡ ಬಿರುಗಾಳಿ ನವೆಂಬರ್ 30ರಂದು ತಿರುವನಂತಪುರದ ಕಡಲತೀರವನ್ನು ಸವರಿಕೊಂಡು ಹೋಯಿತು. ಎಚ್ಚರಿಕೆ ದಡ ಮುಟ್ಟುವ ಹೊತ್ತಿಗೆ ಪೂಂತುರ, ವಿಳಿಞ್ಞಂಗಳ ದೋಣಿಗಳು ಆಗಲೇ ಕಡಲಲ್ಲಿದ್ದವು. ಎಷ್ಟೋ ಮಂದಿ ಮರಳಿ ಬರಲೇ ಇಲ್ಲ. ಅದೇ ಬಿರುಗಾಳಿಗೆ ಕೊಚ್ಚಿಯ ದಕ್ಷಿಣಕ್ಕಿರುವ ಚೆಲ್ಲಾನಂನಲ್ಲಿ ಕಡಲು ಮನೆಗಳ ಒಳಗೇ ಬಂತು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಮತ್ತೆ ಅದೇ ಚೆಲ್ಲಾನಂ, ಆಗ ಮೇಲಿಂದ ಕೊರೋನಾ ಬೇರೆ. 2023ರ ಅಕ್ಟೋಬರ್ ಮಧ್ಯದಲ್ಲಿ ಯಾವ ಚಂಡಮಾರುತವೂ ಇಲ್ಲದೆ, ಒಂದೇ ರಾತ್ರಿಯ ಮಳೆಗೆ ತಿರುವನಂತಪುರ ನಗರದ ಆಮಯಿಳಂಜಾನ್ ತೋಡಿನ ಸುತ್ತಮುತ್ತ ಮನೆಗಳು ಮುಳುಗಿದವು. ಅಮೆರಿಕದವರು ಹರಿಕೇನ್ ಎಂದು ಕರೆಯುವುದೂ ನಾವು ಚಂಡಮಾರುತ ಎನ್ನುವುದೂ ಒಂದೇ ಜಾತಿಯ ಗಾಳಿ. ಕಡಲು ಬೇರೆ, ಹೆಸರು ಬೇರೆ. ಮನೆಯ ಒಳಗೆ ಬಿಟ್ಟು ಹೋಗುವ ಕೆಸರು ಮಾತ್ರ ಎಲ್ಲ ಕಡೆಯೂ ಒಂದೇ.

ಆದರೆ ಪಾಠಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ 2018ರ ಆಗಸ್ಟ್. ಅದು ಚಂಡಮಾರುತವಲ್ಲ, ಮುಂಗಾರು. ಆಗಸ್ಟ್ 9ರಂದು ಇಡುಕ್ಕಿ ಅಣೆಕಟ್ಟಿನ ಚೆರುತೋಣಿ ಬಾಗಿಲನ್ನು 26 ವರ್ಷಗಳ ನಂತರ ತೆರೆದರು. 15ರಂದು ನೆಡುಂಬಾಶ್ಶೇರಿ ವಿಮಾನ ನಿಲ್ದಾಣ ಮುಚ್ಚಿತು. ಮತ್ತೆ ತೆರೆದದ್ದು 29ಕ್ಕೆ. ಆಲುವಾ, ಪರವೂರು, ಚಾಲಕ್ಕುಡಿ ಎಲ್ಲವೂ ನೀರಿನಲ್ಲಿ. ಅದೇ ವಾರ ನಮ್ಮ ಕೊಡಗಿನಲ್ಲಿ ಗುಡ್ಡಗಳು ಜಾರಿದವು. ಇಲ್ಲಿರುವ ಮಡಿಕೇರಿ ಕಡೆಯವರಿಗೆ ಎರಡೂ ದಿಕ್ಕಿನ ಸುದ್ದಿ ಕೇಳಿ ನಿದ್ದೆಯಿರಲಿಲ್ಲ. ಓಖಿಯಲ್ಲಿ ತಮ್ಮವರನ್ನು ಕಳೆದುಕೊಂಡು ಒಂದು ವರ್ಷವೂ ತುಂಬದ ತಿರುವನಂತಪುರದ ಮೀನುಗಾರರು ಲಾರಿಗಳ ಮೇಲೆ ದೋಣಿ ಹೇರಿಕೊಂಡು ಬಂದು ಜನರನ್ನು ಎತ್ತಿದರು.

ಈಗ ಆ ತಿಂಗಳ ಪಂಚಾಂಗವನ್ನೊಮ್ಮೆ ನೋಡಿ. 19, 20ನೇ ತಾರೀಕಿಗೆ ಹಲವು ಕಡೆ ನೀರು ಇಳಿಯತೊಡಗಿತು. 22ಕ್ಕೆ ಬಕ್ರೀದ್, 25ಕ್ಕೆ ತಿರುವೋಣಂ. ಸರ್ಕಾರದ ಓಣಂ ಸಂಭ್ರಮ ರದ್ದಾಗಿತ್ತು, ಆದರೂ ಹಬ್ಬದ ದಿನ ಶಿಬಿರದಲ್ಲಿ ಕಳೆಯಲು ಯಾರಿಗೆ ಮನಸ್ಸು ಬರುತ್ತದೆ? ಜನ ಧಾವಿಸಿ ಮನೆಗೆ ಹೋಗಿ ಕೆಸರಿಗೆ ಇಳಿದರು. ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮೊದಲ ವಾರಗಳವರೆಗೆ ಇಲಿ ಜ್ವರ ರಾಜ್ಯದ ಉದ್ದಕ್ಕೂ ಎದ್ದಿತು. ಮಲಯಾಳದಲ್ಲಿ ಎಲಿಪ್ಪನಿ, ವೈದ್ಯರ ಭಾಷೆಯಲ್ಲಿ ಲೆಪ್ಟೊಸ್ಪೈರೋಸಿಸ್. ಈ ರೋಗಾಣು ದೇಹಕ್ಕೆ ಹೊಕ್ಕ ಮೇಲೆ ಜ್ವರವಾಗಿ ಹೊರಬರಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು, ಅಪರೂಪಕ್ಕೆ ಒಂದು ತಿಂಗಳೂ ಆಗಬಹುದು. ತಾರೀಕುಗಳನ್ನು ಕೂಡಿಸಿ ನೋಡಿದರೆ ಸರಿಯಾಗಿ ಹೊಂದುತ್ತವೆ. ಇದು ಕೇರಳದ ವಿಶೇಷವೂ ಅಲ್ಲ. 1999ರ ಒಡಿಶಾ ಮಹಾ ಚಂಡಮಾರುತದ ನಂತರ, 2005ರ ಜುಲೈ 26ರ ಮುಂಬಯಿ ನೆರೆಯ ನಂತರ, 2017ರಲ್ಲಿ ಪೋರ್ಟೊ ರಿಕೋ ದ್ವೀಪಕ್ಕೆ ಮರಿಯಾ ಹರಿಕೇನ್ ಬಡಿದ ನಂತರ, ಇದೇ ಜ್ವರ ಹೀಗೆಯೇ ಹಿಂದಿನಿಂದ ಬಂದಿದೆ.

ಆದ್ದರಿಂದ ಮನೆಗೆ ಮರಳುವ ದಿನ ಎಂದು ನಾವು ಎಣಿಸುವುದು ಒಂದು ದಿನವಲ್ಲ. ಬಾಗಿಲು ತೆರೆದ ಗಳಿಗೆಯಿಂದ ಮುಂದಿನ ಎರಡು ವಾರ ಸೇರಿ ಒಂದೇ ಕೆಲಸ. ಅದನ್ನು ಕ್ರಮವಾಗಿ ಹೇಳುತ್ತೇನೆ.

ಬಾಗಿಲು ತೆರೆಯುವ ಮೊದಲು

ಹಗಲಿನಲ್ಲೇ ಹೋಗಿ. ಒಬ್ಬರೇ ಹೋಗಬೇಡಿ. ಮೊದಲ ದಿನ ಮಕ್ಕಳನ್ನೂ, ಬಸುರಿಯರನ್ನೂ, ಅಜ್ಜ ಅಜ್ಜಿಯರನ್ನೂ ಕರೆದುಕೊಂಡು ಹೋಗಬೇಡಿ. ಅವರು ಎಷ್ಟೇ ಹಟ ಮಾಡಲಿ. (ಅಜ್ಜಿಯರ ಹಟ ನನಗೆ ಗೊತ್ತು. ದೇವರ ದೀಪ ಹಚ್ಚಬೇಕು ಎನ್ನುತ್ತಾರೆ. ದೀಪ ಹಚ್ಚುವುದು ಏಕೆ ಕೂಡದು ಎಂಬುದು ಮುಂದೆ ಬರುತ್ತದೆ.) ಗಂಬೂಟು, ದಪ್ಪ ರಬ್ಬರ್ ಕೈಗವಸು, ಒಂದು ಉದ್ದ ಕೋಲು, ಟಾರ್ಚು, ಕುಡಿಯುವ ನೀರು ಜೊತೆಗಿರಲಿ. ರಸ್ತೆಯಲ್ಲಿ ನೀರು ನಿಂತಿದ್ದರೆ ಕೋಲಿನಿಂದ ಮುಂದೆ ಮುಂದೆ ಕುಟ್ಟಿ ನೋಡಿಕೊಂಡು ಹೋಗಿ. ಚರಂಡಿಯ ಮುಚ್ಚಳ ತೇಲಿ ಹೋಗಿದ್ದರೆ ಮೇಲಿಂದ ಕಾಣುವುದಿಲ್ಲ.

ಮನೆಯ ಸುತ್ತ ಒಮ್ಮೆ ಹೊರಗಿನಿಂದಲೇ ನೋಡಿ. ಗೋಡೆ ಬಿರುಕು ಬಿಟ್ಟಿದೆಯೇ, ಹೆಂಚಿನ ಮಾಡು ಬಾಗಿದೆಯೇ, ಆವರಣ ಗೋಡೆ ವಾಲಿದೆಯೇ. ಹಳೆಯ ಮಣ್ಣಿನ ಗೋಡೆ ನೀರಿನಲ್ಲಿ ನಿಂತಿದ್ದಾಗ ಬೀಳುವುದಕ್ಕಿಂತ ನೀರು ಇಳಿದು ಒಣಗುವಾಗ ಬೀಳುವುದುಂಟು. ಅನುಮಾನವಿದ್ದರೆ ಒಳಗೆ ಕಾಲಿಡಬೇಡಿ, ಪಂಚಾಯತಿ ಅಥವಾ ನಗರಸಭೆಯ ಎಂಜಿನಿಯರ್ ಬಂದು ನೋಡಲಿ. ಬಾಗಿಲು ತೆರೆದೊಡನೆ ಗುಡಿಸಲು ಶುರು ಮಾಡುವವರೇ ಹೆಚ್ಚು. ಅದಕ್ಕಿಂತ ಮೊದಲು ಫೋನಿನಲ್ಲಿ ಎಲ್ಲ ಕೋಣೆಗಳ ಫೋಟೋ ತೆಗೆಯಿರಿ, ಗೋಡೆಯಲ್ಲಿ ನೀರು ನಿಂತ ಗೆರೆ ಕಾಣುವ ಹಾಗೆ. ವಿಲೇಜ್ ಆಫೀಸಿನ ಪರಿಹಾರದ ಅರ್ಜಿಗೂ ವಿಮೆಗೂ ಅದೇ ಸಾಕ್ಷಿ. ಬಾಡಿಗೆಯವರಿಗೂ ಇದು ಅನ್ವಯ.

ಗ್ಯಾಸ್ ಸಿಲಿಂಡರ್ ನೀರಿನಲ್ಲಿ ತೇಲುತ್ತದೆ. ತೇಲಿ, ಮಗುಚಿ, ಕೊಳವೆ ಕಿತ್ತುಕೊಂಡಿರಬಹುದು. ಅಡುಗೆ ಅನಿಲ ಗಾಳಿಗಿಂತ ಭಾರ; ಮುಚ್ಚಿದ ಮನೆಯಲ್ಲಿ ನೆಲದ ಮೇಲೆಯೇ ಕೂತಿರುತ್ತದೆ. ಕಿಟಕಿ ಬಾಗಿಲು ತೆಗೆದು ಅರ್ಧ ಗಂಟೆ ಹೊರಗೆ ನಿಲ್ಲಿ. ಬೆಂಕಿಕಡ್ಡಿ ಗೀರುವುದಾಗಲಿ, ದೇವರ ದೀಪವಾಗಲಿ, ಸ್ವಿಚ್ ಒತ್ತುವುದಾಗಲಿ ಆಗ ಕೂಡದು. ವಾಸನೆ ಬಂದರೆ 1906ಕ್ಕೆ ಕರೆ ಮಾಡಿ.

ಕರೆಂಟಿನ ವಿಷಯದಲ್ಲಿ ನಾನು ತುಸು ಗಟ್ಟಿಯಾಗಿಯೇ ಹೇಳುತ್ತೇನೆ. ಮೈನ್ ಸ್ವಿಚ್ಚಿನವರೆಗೆ ಒಣ ನೆಲದ ಮೇಲೆ ನಡೆದು ಹೋಗಲು ಸಾಧ್ಯವಿದ್ದರೆ ಮಾತ್ರ ಅದನ್ನು ಆರಿಸಿ. ನೀರಿನಲ್ಲಿ ನಿಂತು ಮುಟ್ಟಬೇಡಿ, ಬೀದಿಯಲ್ಲಿ ಕರೆಂಟ್ ಇಲ್ಲದಿದ್ದರೂ ಮುಟ್ಟಬೇಡಿ. ಯಾವ ಗಳಿಗೆಯಲ್ಲಿ ಬಂದೀತೋ ಹೇಳಲಾಗದು. ಇನ್ವರ್ಟರ್ ಇದ್ದವರು ನೆನಪಿಡಿ, ಬೀದಿಯ ಕರೆಂಟ್ ಹೋದರೂ ಅದರ ಬ್ಯಾಟರಿ ಜೀವಂತವಾಗಿರುತ್ತದೆ. ಮಾಡಿನ ಮೇಲಿನ ಸೋಲಾರ್ ಫಲಕವೂ ಹಾಗೆಯೇ. ನೆನೆದ ಫ್ರಿಜ್ಜು, ಮಿಕ್ಸಿ, ಪಂಪ್‌ಸೆಟ್ಟುಗಳನ್ನು ಒಣಗಿತು ಎಂದು ಪ್ಲಗ್ಗಿಗೆ ಹಾಕಬೇಡಿ. ವೈರಿಂಗ್ ನೋಡಿ ಸರಿ ಎಂದ ಮೇಲೆಯೇ. ಕೆಎಸ್‌ಇಬಿಯ ದೂರು ಸಂಖ್ಯೆ 1912. ತಂತಿ ಬಿದ್ದಿದ್ದರೆ ದಾಟದೆ ಅಲ್ಲಿಂದಲೇ ಕರೆ ಮಾಡಿ. ಅಮೆರಿಕದಲ್ಲಿ ಹರಿಕೇನ್ ಹೋದ ಮೇಲೆ ಮನೆಯೊಳಗೆ ಜನರೇಟರ್ ಇಟ್ಟು ಅದರ ಹೊಗೆಗೆ ಇಡೀ ಸಂಸಾರ ನಿದ್ದೆಯಲ್ಲೇ ತೀರಿಕೊಂಡ ಸುದ್ದಿಗಳು ಮತ್ತೆ ಮತ್ತೆ ಬರುತ್ತವೆ. ಕೊಚ್ಚಿಯ ಫ್ಲ್ಯಾಟುಗಳ ಬಾಲ್ಕನಿಯಲ್ಲಿ ಸಣ್ಣ ಜನರೇಟರ್ ಇಡುವವರು ಈಗ ಇದ್ದಾರೆ. ಆ ಹೊಗೆಗೆ ವಾಸನೆಯಿಂದ ಎಚ್ಚರವಾಗುವುದಿಲ್ಲ.

ಹಾವಿನ ವಿಷಯ. ನೆರೆಯಲ್ಲಿ ಹಾವಿಗೂ ಮನೆ ಹೋಗಿರುತ್ತದೆ. ಒಣ ಜಾಗ ಹುಡುಕಿಕೊಂಡು ನಮ್ಮ ಮನೆಗೆ ಬರುತ್ತದೆ. ಕಪಾಟಿನ ಹಿಂದೆ, ಮಡಚಿಟ್ಟ ಚಾಪೆಯಲ್ಲಿ, ವಾಷಿಂಗ್ ಮೆಷಿನ್ನಿನ ಒಳಗೆ, ಶೂವಿನೊಳಗೆ. 2018ರಲ್ಲಿ ನೀರು ಇಳಿದ ಮೇಲೆ ಆಲುವಾ, ಅಂಗಮಾಲಿ ಕಡೆಯ ಆಸ್ಪತ್ರೆಗಳಿಗೆ ಹಾವು ಕಚ್ಚಿದವರು ಸಾಲಾಗಿ ಬಂದರು. ವಸ್ತುಗಳನ್ನು ಕೋಲಿನಿಂದ ಸರಿಸಿ ನೋಡಿ ಆಮೇಲೆ ಕೈ ಹಾಕಿ. ಹಾವು ಕಂಡರೆ ಹೊಡೆಯಲು ಹೋಗದೆ ಬಾಗಿಲು ಎಳೆದುಕೊಂಡು ಹೊರಬನ್ನಿ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪಿನಲ್ಲಿ ಹತ್ತಿರದ ಹಾವು ಹಿಡಿಯುವವರ ನಂಬರ್ ಸಿಗುತ್ತದೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಎಳೆಯುವುದು ಯಾವುದೂ ಬೇಡ. ಕಾಲು ಅಲುಗಾಡದಂತೆ ಇಟ್ಟು, ವಿಷದ ಮದ್ದು ಇರುವ ಆಸ್ಪತ್ರೆಗೆ ನೇರವಾಗಿ ಹೋಗಿ. ಆಂಬುಲೆನ್ಸಿಗೆ 108.

ಕೆಸರು, ಬ್ಲೀಚಿಂಗ್ ಪುಡಿ, ಬಾವಿ

ಈ ಕೆಸರು ಹೊಲದ ಕೆಸರಲ್ಲ. ಅದರಲ್ಲಿ ಶೌಚದ ಗುಂಡಿಗಳು ಉಕ್ಕಿದ್ದು, ಸತ್ತ ಪ್ರಾಣಿಗಳು, ಇಲಿಯ ಮೂತ್ರ ಎಲ್ಲ ಸೇರಿದೆ. ಇಲಿ, ಹೆಗ್ಗಣ, ದನ, ನಾಯಿಗಳ ಮೂತ್ರದಲ್ಲಿ ಬರುವ ರೋಗಾಣು ಹಸಿ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಒಳಗೆ ಹೋಗಲು ದೊಡ್ಡ ಗಾಯ ಬೇಕಿಲ್ಲ. ಒಡೆದ ಹಿಮ್ಮಡಿ, ಬೆರಳ ಸಂದಿಯ ನಂಜು, ಕಣ್ಣಿಗೆ ಹಾರಿದ ಒಂದು ಹನಿ ಸಾಕು. ಸಕ್ಕರೆ ಕಾಯಿಲೆ ಇರುವವರು ಕೆಸರಿಗೆ ಇಳಿಯದಿರುವುದೇ ಲೇಸು. ಪಾದದಲ್ಲಿ ಆದ ಗಾಯ ಅವರಿಗೆ ತಿಳಿಯುವುದೂ ಇಲ್ಲ, ಬೇಗ ಮಾಯುವುದೂ ಇಲ್ಲ. ಯಾರಿಗೇ ಗಾಯವಾದರೂ ಸಾಬೂನು ನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದು ಎಂದು ಆರೋಗ್ಯ ಕೇಂದ್ರದಲ್ಲಿ ಹೇಳಿ.

ಮೊದಲು ಕೆಸರನ್ನು ಬಳಿದು, ನೀರು ಹಾಕಿ ತೊಳೆಯಿರಿ, ಆಮೇಲೆ ಬ್ಲೀಚಿಂಗ್. ಕೆಸರಿನ ಮೇಲೆಯೇ ಪುಡಿ ಚೆಲ್ಲಿದರೆ ಪುಡಿಯ ಶಕ್ತಿಯೆಲ್ಲ ಕೆಸರಿಗೇ ಖರ್ಚಾಗುತ್ತದೆ. ತೊಳೆದ ನೆಲಕ್ಕೆ ಒಂದು ಲೀಟರ್ ನೀರಿಗೆ 30 ಗ್ರಾಂನಂತೆ ಪುಡಿ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿರಲಿ, ಮೂಗಿಗೆ ಬಟ್ಟೆ ಇರಲಿ. ಪಾಯಿಖಾನೆ ತೊಳೆಯುವ ಆ್ಯಸಿಡನ್ನು ಬ್ಲೀಚಿಂಗ್ ಪುಡಿಯ ಜೊತೆ ಸೇರಿಸಲೇಬೇಡಿ. ಹೊರಡುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ. ಎರಡೂ ಸೇರಿದರೆ ಇನ್ನೂ ಚೆನ್ನಾಗಿ ಶುಚಿಯಾಗುತ್ತದೆ ಎಂದು ಸದುದ್ದೇಶದಿಂದಲೇ ಹಾಗೆ ಮಾಡಿ ಕೆಮ್ಮುತ್ತ ಬಂದವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ.

ಬಟ್ಟೆಬರೆ, ಪಾತ್ರೆಗಳನ್ನು ಎಸೆಯಬೇಕಿಲ್ಲ. ಪರವೂರಿನ ಹತ್ತಿರದ ಚೇಂದಮಂಗಲಂನಲ್ಲಿ ನೇಕಾರರ ಓಣಂ ಸೀರೆಗಳೆಲ್ಲ 2018ರ ಕೆಸರಿನಲ್ಲಿ ಹಾಳಾದಾಗ, ಅವನ್ನು ಕ್ಲೋರಿನ್ ಹಾಕಿ ಶುಚಿಮಾಡಿ ಕತ್ತರಿಸಿ ‘ಚೇಕುಟ್ಟಿ’ ಗೊಂಬೆ ಮಾಡಿ ಮಾರಿದರು, ತಮಗೆ ನೆನಪಿರಬಹುದು. ಹಾಸಿಗೆ, ದಿಂಬು ಮಾತ್ರ ನೀರು ಕುಡಿದಿದ್ದರೆ ಬಿಟ್ಟುಬಿಡಿ. ತೆರೆದ ಅಕ್ಕಿ, ಬೇಳೆ, ಉಪ್ಪಿನಕಾಯಿ ಭರಣಿ, ಫ್ರಿಜ್ಜಿನಲ್ಲಿದ್ದದ್ದು ಎಲ್ಲ ಹೋಗಲಿ. ನೀರು ತಾಗಿದ ಮಾತ್ರೆಗಳೂ, ನೆರೆಯ ನೀರಲ್ಲಿ ಮುಳುಗಿದ ಇನ್ಸುಲಿನ್ ಸೀಸೆಗಳೂ ಹೋಗಲಿ. ಆದರೆ ಹಳೆಯ ಚೀಟಿ ಕಳೆಯಿತೆಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಬೇಡಿ. ಶಿಬಿರದಲ್ಲಿದ್ದ ವಯಸ್ಸಾದವರಲ್ಲಿ ನಾನು ಹೆಚ್ಚು ಕಂಡ ತೊಂದರೆ ಇದು. ನೆರೆಯ ನೀರು ಅವರನ್ನು ಮುಟ್ಟಿರಲಿಲ್ಲ, ಮಾತ್ರೆ ತಪ್ಪಿತ್ತು.

ಬಾವಿಯ ಲೆಕ್ಕವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಕಣ್ಣಳತೆಯಲ್ಲಿ ಪುಡಿ ಸುರಿಯುತ್ತಾರೆ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅರ್ಧ ಮಾಡಿ. ಆ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ. ಬಂದದ್ದು ಎಷ್ಟು ಸಾವಿರ ಲೀಟರ್ ಎಂಬ ಲೆಕ್ಕ. ಉದಾಹರಣೆಗೆ ಎರಡು ಮೀಟರ್ ಅಗಲದ ರಿಂಗ್ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 9.42, ಅಂದರೆ ಸುಮಾರು 9,400 ಲೀಟರ್. ನೆರೆಯ ನೀರು ಹೊಕ್ಕ ಬಾವಿಗೆ ಸಾವಿರ ಲೀಟರಿಗೆ 5 ಗ್ರಾಂ ಬ್ಲೀಚಿಂಗ್ ಪುಡಿ. ಈ ಬಾವಿಗೆ 47 ಗ್ರಾಂ. ಮುಂದೆ ಮಾಮೂಲಿಯಾಗಿ ಹಾಕುವಾಗ ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿಕೊಳ್ಳಿ. ಪ್ಲಾಸ್ಟಿಕ್ ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ಹಿಟ್ಟಿನ ಹದಕ್ಕೆ ಕಲಸಿ, ಮುಕ್ಕಾಲು ಬಕೆಟ್ ನೀರು ತುಂಬಿ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಬಾವಿಯ ಕೊಡಕ್ಕೆ ಸುರಿದು, ಕೊಡವನ್ನು ನೀರಿನ ಆಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿ ಕಲಕಿ. ಒಂದು ಗಂಟೆ ಬಿಟ್ಟು ನೀರು ಸೇದಬಹುದು. ಕುಡಿಯಲು ಆಗಲೂ ಕುದಿಸಿಯೇ. ಕುದಿಸಿದ ನೀರಿಗೆ ತಣ್ಣೀರು ಬೆರೆಸುವ ಹೋಟೆಲಿನ ಅಭ್ಯಾಸ ಮನೆಗೆ ಬೇಡ.

ಕೆಸರು ತುಂಬಿದ ಬಾವಿಯನ್ನು ಮೊದಲ ದಿನವೇ ಪಂಪು ಹಚ್ಚಿ ಬರಿದು ಮಾಡಲು ಹೋಗಬೇಡಿ. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುವಾಗ ಒಳಗಿನ ನೀರನ್ನು ಒಮ್ಮೆಲೇ ತೆಗೆದರೆ ಬಾವಿ ಕುಸಿಯಬಹುದು. ಒಳಗೆ ಇಳಿಯುವುದಂತೂ ಕೂಡದು. ಚೆಲ್ಲಾನಂ, ವೈಪ್ಪಿನ್ ಕಡೆ ಕಡಲ ನೀರು ಹೊಕ್ಕ ಬಾವಿಗೆ ಕ್ಲೋರಿನ್ ಹಾಕಿದರೆ ಕ್ರಿಮಿ ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ಏಲೂರು, ಎಡಯಾರ್ ಕೈಗಾರಿಕಾ ಪ್ರದೇಶದ ಹತ್ತಿರದವರ ಬಾವಿಗೆ ಎಣ್ಣೆಯೋ ರಾಸಾಯನಿಕವೋ ಸೇರಿದ್ದರೆ ಬ್ಲೀಚಿಂಗ್ ಆಗಲಿ ಕುದಿಸುವುದಾಗಲಿ ಪ್ರಯೋಜನವಿಲ್ಲ. ನೀರನ್ನು ಪರೀಕ್ಷೆಗೆ ಕೊಟ್ಟು, ಅಲ್ಲಿಯವರೆಗೆ ಟ್ಯಾಂಕರ್ ನೀರು.

ಮಾತ್ರೆ ಮತ್ತು ಜ್ವರ

ಕೆಸರಿಗೆ ಇಳಿಯುವವರಿಗೆ ಕೇರಳದ ಆರೋಗ್ಯ ಇಲಾಖೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತದೆ. ದೊಡ್ಡವರಿಗೆ 100 ಮಿಲಿಗ್ರಾಂನ ಎರಡು ಮಾತ್ರೆ, ವಾರಕ್ಕೊಮ್ಮೆ. ಕೆಸರಿನ ಕೆಲಸ ಇರುವಷ್ಟು ವಾರ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ನಂತರ ದೊಡ್ಡ ಲೋಟ ನೀರಿನ ಜೊತೆ ನುಂಗಿ, ನುಂಗಿದೊಡನೆ ಮಲಗಬೇಡಿ, ಅನ್ನನಾಳ ಉರಿಯುತ್ತದೆ. 2018ರಲ್ಲಿ ಹೊಟ್ಟೆ ಉರಿಯುತ್ತದೆಂದು ಮಾತ್ರೆಯನ್ನು ಜೇಬಿನಲ್ಲೇ ಇಟ್ಟುಕೊಂಡ ಸ್ವಯಂಸೇವಕರು ಎಷ್ಟೋ ಮಂದಿ. ಬಸುರಿ, ಬಾಣಂತಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಈ ಮಾತ್ರೆ ಸಲ್ಲದು, ಅವರಿಗೆ ವೈದ್ಯರು ಬೇರೆ ಕೊಡುತ್ತಾರೆ. ಮಾತ್ರೆ ತೆಗೆದುಕೊಂಡೆ ಎಂದು ಗಂಬೂಟು ಬಿಡಬೇಡಿ. ಅದು ಅಪಾಯವನ್ನು ಕಡಿಮೆ ಮಾಡುತ್ತದೆ, ಪೂರ್ತಿ ಇಲ್ಲವಾಗಿಸುವುದಿಲ್ಲ.

ಇನ್ನು ಜ್ವರ. ಮನೆಗೆ ಮರಳಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ಎರಡು ವಾರ, ಸಾಧ್ಯವಾದರೆ ಒಂದು ತಿಂಗಳು, ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಅದು ನೆನೆದ ಜ್ವರ ಅಲ್ಲ ಎಂದೇ ಹಿಡಿಯಿರಿ. ತಲೆನೋವು, ಮೀನಖಂಡ ಹಿಸುಕಿದರೆ ನೋವು, ಕಣ್ಣು ಕೆಂಪಾಗುವುದು ಇದ್ದರಂತೂ ಅದೇ ದಿನ ವೈದ್ಯರಲ್ಲಿಗೆ. ಮೂತ್ರ ಕಡಿಮೆಯಾಗುವುದು, ಕಣ್ಣು ಹಳದಿಯಾಗುವುದು, ಉಸಿರು ಕಟ್ಟುವುದು ಕಂಡರೆ ಸಣ್ಣ ಕ್ಲಿನಿಕ್ಕಿನಲ್ಲಿ ಹೊತ್ತು ಕಳೆಯದೆ ದೊಡ್ಡ ಆಸ್ಪತ್ರೆಗೆ. ಮೊದಲ ದಿನಗಳಲ್ಲೇ ಶುರು ಮಾಡಿದರೆ ಸಾಧಾರಣ ಆ್ಯಂಟಿಬಯಾಟಿಕ್‌ನಲ್ಲಿ ಗುಣವಾಗುವ ರೋಗ ಇದು. ಅಂಗಡಿಯ ನೋವಿನ ಮಾತ್ರೆ ಎರಡು ವಿಧದಲ್ಲಿ ಕೆಡುಕು ಮಾಡುತ್ತದೆ. ಜ್ವರವನ್ನು ಮುಚ್ಚಿ ನಾಲ್ಕು ದಿನ ಕಳೆಯುವ ಹಾಗೆ ಮಾಡುತ್ತದೆ. ಕೆಲವು ನೋವಿನ ಮಾತ್ರೆಗಳು ಮೊದಲೇ ಸೋಲುತ್ತಿರುವ ಮೂತ್ರಪಿಂಡವನ್ನು ಇನ್ನಷ್ಟು ಸೋಲಿಸುತ್ತವೆ. ಡೆಂಗಿ ಜ್ವರಕ್ಕೂ ಇದೇ ಕಾಲ. ಅದಕ್ಕೂ ಆ ಮಾತ್ರೆಗಳು ಆಗುವುದಿಲ್ಲ.

ವೈದ್ಯರ ಮುಂದೆ ಕೂತಾಗ ಹೇಳಲೇಬೇಕಾದ ಮಾತು ಒಂದು: ನಾನು ನೆರೆ ನೀರಿಗೆ, ಕೆಸರಿಗೆ ಇಳಿದಿದ್ದೆ, ಇಂಥ ದಿನ. ಈ ಒಂದು ಮಾತು ಪರೀಕ್ಷೆಯ ದಾರಿಯನ್ನೇ ಬದಲಿಸುತ್ತದೆ. ನಮ್ಮವರಲ್ಲಿ ಹೊಸದಾಗಿ ಬಂದವರಿಗೆ ಮಲಯಾಳ ತೊಡಕು. ಬಿಜಾಪುರ, ರಾಯಚೂರು ಕಡೆಯ ಕಟ್ಟಡ ಕಾರ್ಮಿಕರಿಗೆ ಇನ್ನೂ ತೊಡಕು. ನಾವು ಪನಿ ಎಂದರೆ ಹನಿ ಎಂದು ತಿಳಿಯುತ್ತೇವೆ, ಇಲ್ಲಿ ಪನಿ ಎಂದರೆ ಜ್ವರ. ಅದಕ್ಕೆ ಮೂರು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ: ‘ಞಾನ್ ವೆಳ್ಳತ್ತಿಲ್ ಇರಂಙಿಯಿರುನ್ನು’, ನಾನು ನೀರಿಗೆ ಇಳಿದಿದ್ದೆ. ‘ಮೂತ್ರಂ ಕುರವಾಣ್’, ಮೂತ್ರ ಕಡಿಮೆ ಇದೆ. ‘ಪಾಂಬ್ ಕಡಿಚ್ಚು’, ಹಾವು ಕಚ್ಚಿತು. ಎಲ್ಲಿ ಹೋಗಬೇಕೆಂದು ತಿಳಿಯದಿದ್ದರೆ ಆರೋಗ್ಯ ಇಲಾಖೆಯ ದಿಶಾ ಸಹಾಯವಾಣಿ 1056.

ಕೊನೆಗೆ ನಿಧಿಯ ವಿಷಯ. ಮೇಲೆ ಹೇಳಿದ ಅಡುಗೆಯವರ ಡಯಾಲಿಸಿಸ್ ಖರ್ಚಿನ ಒಂದು ಭಾಗವನ್ನು ನಿಧಿ ಕೊಟ್ಟಿದೆ. ಉಳಿದ ಸಾಲ ಅವರ ಮೇಲೆಯೇ ಇದೆ. ಈ ಮಳೆಗಾಲಕ್ಕೆ ಉಪಸಮಿತಿ ಎರಡು ಕೆಲಸಕ್ಕೆ ತಮ್ಮ ಸಹಾಯ ಕೇಳುತ್ತಿದೆ. ಒಂದು, ಜ್ವರ ಬಂದ ಮೊದಲ ದಿನವೇ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುವ ಸದಸ್ಯರಿಗೆ ರಕ್ತ ಪರೀಕ್ಷೆಯ ಖರ್ಚು ಮತ್ತು ಎರಡು ದಿನದ ಕೂಲಿ. ಅರ್ಜಿ, ಶಿಫಾರಸು ಏನೂ ಬೇಡ, ಆಸ್ಪತ್ರೆಯ ಚೀಟಿ ಸಾಕು. ಜನ ನಾಲ್ಕು ದಿನ ತಡ ಮಾಡುವುದು ಅಜ್ಞಾನದಿಂದಷ್ಟೇ ಅಲ್ಲ; ಒಂದು ದಿನದ ಕೂಲಿ ಬಿಡುವ ಶಕ್ತಿ ಇಲ್ಲದೆಯೂ ತಡ ಮಾಡುತ್ತಾರೆ. ಈ ಸಣ್ಣ ಮೊತ್ತಕ್ಕೆ ನಾನು ಸಭೆಯಲ್ಲಿ ಜಗಳವನ್ನೇ ಆಡಿದ್ದೇನೆ, ದೊಡ್ಡ ಆಪರೇಷನ್ನಿಗೆ ಕೊಟ್ಟರೆ ಹೆಸರು ಬರುತ್ತದೆ ಎನ್ನುವವರ ಜೊತೆ. ಹೊರರಾಜ್ಯದ ಕಾರ್ಮಿಕರಿಗೆಂದು ಕೇರಳ ಸರ್ಕಾರ 2017ರಲ್ಲಿ ತಂದ ‘ಆವಾಸ್’ ವಿಮೆಯ ಕಾರ್ಡ್ ಇದ್ದವರು ಅದನ್ನೂ ತನ್ನಿ, ನಮ್ಮ ಹುಡುಗರು ಜೊತೆಗೆ ಬಂದು ವಿಚಾರಿಸುತ್ತಾರೆ.

ಎರಡು, ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಒಂದೊಂದು ಪೆಟ್ಟಿಗೆ: ಗಂಬೂಟು, ಕೈಗವಸು, ಬ್ಲೀಚಿಂಗ್ ಪುಡಿ, ತೂಗುವ ಸಣ್ಣ ತಕ್ಕಡಿ, ಟಾರ್ಚು. ನೆರೆ ಇಳಿದ ದಿನ ಬೇಕಾದವರು ಒಯ್ದು, ಕೆಲಸ ಮುಗಿದ ಮೇಲೆ ತೊಳೆದು ಒಣಗಿಸಿ ಮರಳಿ ತಂದಿಡುವುದು. ಹಣ ಕೊಡುವವರು ರಸೀದಿ ಕೇಳಿ ಪಡೆಯಿರಿ. ಬ್ಲೀಚಿಂಗ್ ಪುಡಿಯನ್ನು ಈಗಲೇ ಕೊಡಬೇಡಿ, ಹಳೆಯದಾದರೆ ಶಕ್ತಿ ಕಳೆದುಕೊಳ್ಳುತ್ತದೆ. ಮಳೆ ಶುರುವಾದ ಮೇಲೆ ತಾಜಾ ತರುತ್ತೇವೆ. ಗಂಬೂಟು ಕೊಡುವವರು 8, 9ನೇ ಅಳತೆಯವನ್ನು ಕೊಡಿ. 6ನೇ ಅಳತೆಯ ನಾಲ್ಕು ಜೊತೆ ಆಗಲೇ ಬಂದಿವೆ, ಅದು ನನ್ನೊಬ್ಬಳ ಕಾಲಿಗೆ ಮಾತ್ರ ಹಿಡಿಸುತ್ತದೆ.